ಮನೆಯೊಳಗೆ ಬಂದ ಕಡಲು

“ಸಮುದ್ರದ ನೆಂಟಸ್ತನ, ಉಪ್ಪಿಗೆ ಬಡತನ” ಎಂಬುದು ನಮ್ಮ ಹಿರಿಯರು ಹಾಸ್ಯಕ್ಕೆ ಆಡಿದ ಮಾತು. ಅದು ಅಕ್ಷರಶಃ ನಿಜವಾಗುವ ಸ್ಥಳವೊಂದು ಈಗಿನ ಪಟ್ಟಣಗಳಲ್ಲಿ ಉಂಟು. ಮನೆಯ ನಡುಕೋಣೆಯಲ್ಲಿ, ಪುಸ್ತಕದ ಬೀರುವಿನ ಪಕ್ಕದಲ್ಲಿ, ಉಪ್ಪುನೀರು ತುಂಬಿದ ಒಂದು ಗಾಜಿನ ತೊಟ್ಟಿ. ನಲವತ್ತು ಐವತ್ತು ಲೀಟರು ಹಿಡಿದರೆ ಹೆಚ್ಚು. ಒಳಗೆ ನಾಲ್ಕಾರು ಕಲ್ಲುಗಳು, ಕಿತ್ತಳೆ ಬಣ್ಣದ ಮೇಲೆ ಬಿಳಿಯ ಪಟ್ಟೆಗಳುಳ್ಳ ಎರಡು ಮೀನು, ಒಂದು ಸೀಗಡಿ. ಇದರ ಯಜಮಾನನು ಲೀಟರಿಗೆ 35 ಗ್ರಾಂ ಮೇರೆಗೆ ಉಪ್ಪನ್ನು ತೂಗಿ, ಪೊಟ್ಟಣದಿಂದ ಕಡಲನ್ನು ಕಲಸಿಕೊಳ್ಳುತ್ತಾನೆ. ಆವಿಯಾಗಿ ಹೋದಷ್ಟು ನೀರನ್ನು ದಿನವೂ ಸಿಹಿನೀರಿನಿಂದಲೇ ತುಂಬುತ್ತಾನೆ. ನೀರು ಆರಿದರೂ ಉಪ್ಪು ಆರುವುದಿಲ್ಲವೆಂಬುದು ಅವನಿಗೆ ಗೊತ್ತು. ಒಂದು ದಿನ ಮರೆತರೆ ಆ ಪುಟ್ಟ ಕಡಲು ಕೆಡುವುದೂ ಗೊತ್ತು.

ಇದನ್ನು ಶ್ರೀಮಂತರ ಹವ್ಯಾಸವೆಂದು ತಳ್ಳಿಹಾಕುವುದು ಸುಲಭ. ಆದರೆ ಈ ತೊಟ್ಟಿಯ ಹಿಂದೆ ಸುಮಾರು ಇನ್ನೂರು ವರ್ಷಗಳ ಚರಿತ್ರೆಯಿದೆ. ಮನುಷ್ಯನು ಕಡಲನ್ನು ಪ್ರೀತಿಸಲು ಕಲಿತದ್ದೂ, ಆ ಪ್ರೀತಿಯಿಂದಲೇ ಕಡಲಿಗೆ ಕೇಡು ಮಾಡಿದ್ದೂ ಅದರಲ್ಲಿ ಹಾಸುಹೊಕ್ಕಾಗಿವೆ.

ಮೀನು ಸಾಕುವುದೇನೋ ಹಳೆಯ ವಿದ್ಯೆ. ರೋಮಿನ ಸಿರಿವಂತರು ಕಡಲಂಚಿನಲ್ಲಿ ಕೊಳಗಳನ್ನು ಕಟ್ಟಿಸಿ ಹಾವುಮೀನುಗಳನ್ನು ಸಾಕುತ್ತಿದ್ದರು. ಚೀನದವರು ಹೊಂಬಣ್ಣದ ಮೀನನ್ನು ಸಾಕಿ ಬೆಳೆಸಿ ಸಾವಿರ ವರ್ಷವಾಯಿತು. ಆದರೆ ಕಡಲ ಜೀವಿಯನ್ನು ಕಡಲಿನಿಂದ ದೂರ, ಮನೆಯೊಳಗೆ ಉಳಿಸಿಕೊಳ್ಳುವುದು ಯಾರಿಂದಲೂ ಆಗಿರಲಿಲ್ಲ. ಜಾಡಿಯಲ್ಲಿ ತಂದ ಏಡಿ ಒಂದೆರಡು ದಿನಕ್ಕೆ ಸಾಯುತ್ತಿತ್ತು, ನೀರು ನಾರುತ್ತಿತ್ತು, ಮನೆಯವರು ಅದನ್ನು ಹಿತ್ತಿಲಿಗೆ ಚೆಲ್ಲುತ್ತಿದ್ದರು. ಅದು ಸತ್ತದ್ದೇಕೆ ಎಂದು ಹೇಳಬಲ್ಲವರು ಇರಲಿಲ್ಲ.

ಈ ಪ್ರಶ್ನೆಗೆ ಮೊದಲು ಕೈಹಾಕಿದವರಲ್ಲಿ ಒಬ್ಬಳು ಫ್ರಾನ್ಸಿನ ಹೆಣ್ಣುಮಗಳು, ಜೀನ್ ವಿಲ್‌ಪ್ರೂ-ಪವರ್. ಹಳ್ಳಿಯಲ್ಲಿ ಹುಟ್ಟಿ, ಪ್ಯಾರಿಸಿಗೆ ಬಂದು ಹೊಲಿಗೆಯಿಂದ ಬದುಕಿ, ರಾಜಕುಮಾರಿಯೊಬ್ಬಳ ಮದುವೆಯ ಉಡುಪನ್ನು ಸಿದ್ಧಪಡಿಸಿ ಹೆಸರಾದವಳು. ಮದುವೆಯಾಗಿ ಸಿಸಿಲಿಯ ಮೆಸ್ಸಿನಕ್ಕೆ ಹೋದ ಮೇಲೆ ಅಲ್ಲಿಯ ಕಡಲು ಅವಳನ್ನು ಹಿಡಿದು ನಿಲ್ಲಿಸಿತು. ಆರ್ಗೊನಾಟ್ ಎಂಬ ಮೃದ್ವಂಗಿಯು ತಾನಿರುವ ಚಿಪ್ಪನ್ನು ತಾನೇ ಕಟ್ಟಿಕೊಳ್ಳುತ್ತದೆಯೋ, ಸನ್ಯಾಸಿ ಏಡಿಯಂತೆ ಇನ್ನೊಂದು ಪ್ರಾಣಿಯ ಮನೆಯನ್ನು ಹೊಕ್ಕಿರುತ್ತದೆಯೋ ಎಂದು ಪಂಡಿತರು ಬಹುಕಾಲದಿಂದ ವಾದಿಸುತ್ತಿದ್ದರು. ಅವಳು 1832ರಲ್ಲಿ ಗಾಜಿನ ತೊಟ್ಟಿಗಳನ್ನು ಮಾಡಿಸಿ, ಜೀವಂತ ಪ್ರಾಣಿಗಳನ್ನು ಅದರಲ್ಲಿರಿಸಿ, ಚಿಪ್ಪನ್ನು ಮುರಿದು ನೋಡಿದಳು. ಪ್ರಾಣಿ ತನ್ನ ಚಿಪ್ಪನ್ನು ತಾನೇ ರಿಪೇರಿ ಮಾಡಿಕೊಂಡಿತು. ಶತಮಾನಗಳ ವಾದ ಒಂದು ಗಾಜಿನ ಪೆಟ್ಟಿಗೆಯ ಮುಂದೆ ಮುಗಿದುಹೋಯಿತು. ಆದರೆ ಅವಳಿಗೆ ಬೇಕಾದಾಗ ಹೊಸ ನೀರು ಮನೆಯ ಬಾಗಿಲಲ್ಲೇ ಸಿಗುತ್ತಿತ್ತು.

ಸ್ಕಾಟ್ಲೆಂಡಿನ ಸರ್ ಜಾನ್ ಡಾಲ್ಯೆಲ್ ಎಂಬವನ ಕಥೆಯೂ ಅಂತಹದೇ. ಅವನು 1828ರಲ್ಲಿ ನಾರ್ತ್ ಬೆರಿಕ್ ತೀರದ ಬಂಡೆಯಿಂದ ಕೆಂಪು ಅನಿಮೊನಿಯೊಂದನ್ನು ಬಿಡಿಸಿ ತಂದ. ಅನಿಮೊನಿಯೆಂದರೆ ಹೂವಿನಂತೆ ಅರಳುವ, ಹೂವಲ್ಲದ ಕಡಲ ಪ್ರಾಣಿ. ಆಳೊಬ್ಬನು ಅದಕ್ಕಾಗಿ ಕಡಲಿನಿಂದ ಹೊಸ ನೀರನ್ನು ಹೊತ್ತು ತರುತ್ತಿದ್ದ. 1851ರಲ್ಲಿ ಡಾಲ್ಯೆಲ್ ತೀರಿಕೊಂಡ. ಪ್ರಾಣಿ ತೀರಿಕೊಳ್ಳಲಿಲ್ಲ. ಅದು ಒಬ್ಬರ ಕೈಯಿಂದ ಇನ್ನೊಬ್ಬರ ಕೈಗೆ ಸಾಗಿ, “ಅಜ್ಜಿ” ಎಂಬ ಅಡ್ಡಹೆಸರು ಪಡೆದು, ನೂರಾರು ಮರಿಗಳನ್ನು ಹೆತ್ತು, ಎಡಿನ್‌ಬರೊದ ಸಸ್ಯೋದ್ಯಾನದಲ್ಲಿ 1887ರಲ್ಲಿ ಸತ್ತಿತು. ಸಾದಾ ಗಾಜಿನ ಜಾಡಿಯೊಂದರಲ್ಲಿ ಐವತ್ತೊಂಬತ್ತು ವರ್ಷ! ಯಂತ್ರವಿಲ್ಲ, ಮಂತ್ರವಿಲ್ಲ, ತಪ್ಪದೆ ನೀರು ಬದಲಾಯಿಸುವ ಕೈ ಒಂದಿತ್ತು, ಅಷ್ಟೆ.

ಕೈಯಳತೆಯಲ್ಲಿ ಕಡಲಿಲ್ಲದವನ ಗತಿಯೇನು? ಇದಕ್ಕೆ ಉತ್ತರ ಹುಡುಕಿದವಳು ಲಂಡನ್ನಿನ ಒಬ್ಬ ದೊರೆಸಾನಿ, ಅನ್ನಾ ಥಿನ್. ವೆಸ್ಟ್‌ಮಿನ್‌ಸ್ಟರ್ ದೇವಾಲಯದ ಪಾದ್ರಿಯೊಬ್ಬರ ಹೆಂಡತಿ. 1846ರಲ್ಲಿ ಟಾರ್ಕೀ ಎಂಬ ಕಡಲೂರಿಗೆ ಹೋದಾಗ ಅವಳು ಬಂಡೆಗಳ ಮೇಲೆ ಪುಟ್ಟ ಬಟ್ಟಲಿನಾಕಾರದ ಹವಳಗಳನ್ನು ಕಂಡಳು. ಅವುಗಳನ್ನು ಸೂಜಿದಾರದಿಂದ ಸ್ಪಂಜಿಗೆ ಹೊಲಿದು, ನೀರು ತುಂಬಿದ ಜಾಡಿಯಲ್ಲಿಟ್ಟು ಲಂಡನ್ನಿಗೆ ತಂದಳು. ಅಲ್ಲಿ ಅವಳ ದಾಸಿ ತೆರೆದ ಕಿಟಕಿಯ ಮುಂದೆ ಅರ್ಧ ಮುಕ್ಕಾಲು ಗಂಟೆ ನಿಂತು, ನಮ್ಮ ಹೋಟೆಲಿನವರು ಕಾಫಿಯನ್ನು ಲೋಟದಿಂದ ಲೋಟಕ್ಕೆ ಎತ್ತಿ ಹೊಯ್ಯುವಂತೆ, ಆ ನೀರನ್ನು ಒಂದು ಪಾತ್ರೆಯಿಂದ ಇನ್ನೊಂದಕ್ಕೆ ಸುರಿಯುತ್ತಿದ್ದಳು. ಗಾಳಿ ಬೆರೆತ ನೀರಿನಲ್ಲಿ ಹವಳಗಳು ಬದುಕಿದವು. ಮರುವರ್ಷ ಅನ್ನಾ ಥಿನ್ ಕಡಲಪಾಚಿ ಹತ್ತಿದ ಕಲ್ಲುಗಳನ್ನು ತರಿಸಿ ನೀರಿಗೆ ಹಾಕಿದಳು. ದಾಸಿಯ ಕೆಲಸದ ಒಂದು ಪಾಲನ್ನು ಪಾಚಿ ವಹಿಸಿಕೊಂಡಿತು. ಆ ಹವಳಗಳು ಲಂಡನ್ನಿನ ಮನೆಯಲ್ಲಿ ವರ್ಷಗಟ್ಟಲೆ ಬಾಳಿ, ಮರಿಮಾಡಿ ಹೆಚ್ಚಿದವು. ಆದರೆ ಅವಳು ಈ ವಿವರವನ್ನು ಅಚ್ಚು ಹಾಕಿಸಿದ್ದು 1859ರಲ್ಲಿ. ಅಷ್ಟು ಹೊತ್ತಿಗೆ ಕೀರ್ತಿ ಬೇರೆಯವರ ಪಾಲಾಗಿತ್ತು.

ಆ ಬೇರೆಯವರಲ್ಲಿ ಮೊದಲನೆಯವನು ರಾಬರ್ಟ್ ವಾರಿಂಗ್ಟನ್ ಎಂಬ ರಸಾಯನಶಾಸ್ತ್ರಜ್ಞ. ಹಸಿರು ಗಿಡ ಕೆಟ್ಟ ಗಾಳಿಯನ್ನು ತಿಳಿಗೊಳಿಸುತ್ತದೆಂದು ಪ್ರೀಸ್ಟ್ಲಿ ತೋರಿಸಿದ್ದನು. ಅದಕ್ಕೆ ಬಿಸಿಲು ಬೇಕೆಂದು 1779ರಲ್ಲಿ ಇಂಗೆನ್‌ಹೌಸ್ ಹೇಳಿದ್ದನು. ವಾರಿಂಗ್ಟನ್ ಈ ತತ್ತ್ವವನ್ನು ನೀರಿಗೆ ಹೊಂದಿಸಿದ. ಹೊಂಬಣ್ಣದ ಮೀನು, ನೀರುಗಿಡ ಎರಡನ್ನೂ ಕೂಡಿಸಿಟ್ಟ. ಗಿಡದ ಎಲೆ ಕೊಳೆತು ನೀರು ರಾಡಿಯಾಯಿತು. ಕೊಳೆತ ಎಲೆ ತಿನ್ನಲು ಬಸವನಹುಳುಗಳನ್ನು ಬಿಟ್ಟ. ಹುಳುಗಳು ಕೊಳೆ ತಿಂದವು. ಹುಳುಗಳ ಮೊಟ್ಟೆಯನ್ನು ಮೀನು ತಿಂದಿತು. ಮೀನಿನ ಉಸಿರು ಗಿಡಕ್ಕಾಯಿತು, ಗಿಡದ ಉಸಿರು ಮೀನಿಗಾಯಿತು. ಇದನ್ನು 1850ರಲ್ಲಿ ವಿದ್ವತ್ಸಭೆಯ ಮುಂದಿಟ್ಟು, 1852ರಲ್ಲಿ ಕಡಲನೀರಿನಲ್ಲಿಯೂ ಅದನ್ನು ನಡೆಸಲಾರಂಭಿಸಿದ.

ಕಾಲವೂ ಒದಗಿಬಂದಿತ್ತು. ಇಂಗ್ಲೆಂಡಿನಲ್ಲಿ ಗಾಜಿನ ಮೇಲಿದ್ದ ತೆರಿಗೆ 1845ರಲ್ಲಿ ರದ್ದಾಗಿ ಗಾಜು ಅಗ್ಗವಾಗಿತ್ತು. ಮುಚ್ಚಿದ ಗಾಜಿನ ಪೆಟ್ಟಿಗೆಯಲ್ಲಿ ಜರೀಗಿಡ ಬೆಳೆಸುವ ರೂಢಿಯನ್ನು ವೈದ್ಯ ವಾರ್ಡ್ ಆಗಲೇ ಹಬ್ಬಿಸಿದ್ದ. ರೈಲುಗಳು ಸಾಮಾನ್ಯ ಸಂಸಾರಸ್ಥರನ್ನು ಕಡಲ ತೀರಕ್ಕೆ ಸಾಗಿಸುತ್ತಿದ್ದವು. ಒಲೆಗೆ ಸೌದೆ ಒಟ್ಟಿಯಾಗಿತ್ತು, ಕಿಡಿಯೊಂದು ಬೇಕಾಗಿತ್ತು.

ಕಿಡಿಯಾಗಿ ಬಂದವನು ಫಿಲಿಪ್ ಹೆನ್ರಿ ಗಾಸ್. 1810ರಲ್ಲಿ ಹುಟ್ಟಿ, ಕೆನಡ, ಅಲಬಾಮ, ಜಮೈಕ ಸುತ್ತಿಬಂದ ಪ್ರಾಣಿಶಾಸ್ತ್ರಿ; ಅತ್ಯಂತ ದೈವಭಕ್ತ. ಬಂಡೆಗಳ ನಡುವಿನ ನೀರುಗುಂಡಿಯಲ್ಲಿ ಮೊಣಕಾಲವರೆಗೆ ನಿಂತು, ಸೃಷ್ಟಿಕರ್ತನ ಕೈಬರಹವನ್ನು ಅಲ್ಲಿ ಓದುತ್ತಿದ್ದವನು. ಲಂಡನ್ನಿನ ರೀಜೆಂಟ್ಸ್ ಪಾರ್ಕಿನ ಮೃಗಾಲಯದಲ್ಲಿ 1853ರಲ್ಲಿ ಸಾರ್ವಜನಿಕರಿಗೆ “ಮೀನಿನ ಮನೆ” ತೆರೆದಾಗ ಅಲ್ಲಿಯ ಪ್ರಾಣಿಗಳನೇಕವನ್ನು ಒದಗಿಸಿದವನು ಅವನೇ. ಮರುವರ್ಷ ಅವನು “ದಿ ಅಕ್ವೇರಿಯಂ” ಎಂಬ ಪುಸ್ತಕವನ್ನು ಪ್ರಕಟಿಸಿದ. ಬಣ್ಣದ ಚಿತ್ರಗಳಿದ್ದ ಆ ಪುಸ್ತಕದಿಂದಲೇ ಆ ಪದ ಮನೆಮಾತಾಯಿತು.

ಅವನ ಸಲಹೆಗಳನ್ನು ಈಗ ಓದಿದರೂ ಅವುಗಳ ಬಳಕೆಯ ಗುಣ ಮಾಸಿಲ್ಲ. ಥೇಮ್ಸ್ ನದಿಯ ಮುಖ ದಾಟಿ ಹೋಗುವ ಉಗಿಹಡಗಿನವನಿಗೆ ಒಂದೆರಡು ಷಿಲಿಂಗ್ ಕೊಟ್ಟು, ನದಿಯ ನೀರು ಬೆರೆಯದಷ್ಟು ದೂರದಲ್ಲಿ ಇಪ್ಪತ್ತು ಗ್ಯಾಲನ್ನಿನ ಪೀಪಾಯಿ ತುಂಬಿಸಿಕೊಳ್ಳಿ ಎನ್ನುತ್ತಾನೆ. ಅದೂ ಆಗದವರಿಗಾಗಿ ನಾಲ್ಕು ಉಪ್ಪುಗಳ ಪಾಕವೊಂದನ್ನು ಹೇಳುತ್ತಾನೆ: ಅಡುಗೆಯ ಉಪ್ಪು, ಎಪ್ಸಂ ಉಪ್ಪು, ಮೆಗ್ನೀಸಿಯಂ ಕ್ಲೋರೈಡ್, ಪೊಟಾಸಿಯಂ ಕ್ಲೋರೈಡ್. ಕಲಸಿದ ಕೂಡಲೆ ಪ್ರಾಣಿಗಳನ್ನು ಬಿಡಕೂಡದು. ಮೊದಲು ಕಡಲಪಾಚಿಯ ಕಲ್ಲುಗಳನ್ನು ಹಾಕಿ ಕೆಲವು ದಿನ ಕಾಯಬೇಕು. ಏಕೆಂದು ಅವನಿಗೆ ಪೂರ್ತಿ ಗೊತ್ತಿರಲಿಲ್ಲ. ಆದರೂ ಮಾತು ಸರಿಯಾಗಿತ್ತು.

ಮುಂದಿನ ಐದಾರು ವರ್ಷ ಇಂಗ್ಲೆಂಡಿಗೆ ಒಂದು ಬಗೆಯ ಜ್ವರ ಹಿಡಿಯಿತು. ಅಂಚೆಯವನ ಚೀಲದಲ್ಲಿ ಅನಿಮೊನಿಗಳು ಊರಿಂದೂರಿಗೆ ಹೋದವು. 1855ರಲ್ಲಿ ಚಾರ್ಲ್ಸ್ ಕಿಂಗ್ಸ್ಲಿ ಕಡಲತೀರದ ವಿಸ್ಮಯಗಳನ್ನು ಕುರಿತು ಪುಸ್ತಕ ಬರೆದ. ಮರುವರ್ಷ ಕಾದಂಬರಿಕಾರ್ತಿ ಜಾರ್ಜ್ ಎಲಿಯಟ್ ಕೂಡ ತನ್ನ ಸಂಗಾತಿ ಲೂಯಿಸನೊಡನೆ ಇಲ್ಫ್ರಕೂಂಬಿನ ಬಂಡೆಗಳ ಮೇಲೆ ಜಾಡಿ ಹಿಡಿದು ಅಲೆದಳು. ವಿಲಿಯಂ ಆಲ್ಫರ್ಡ್ ಲಾಯ್ಡ್ ಎಂಬವನು ಲಂಡನ್ನಿನಲ್ಲಿ ಇದಕ್ಕೆಂದೇ ಅಂಗಡಿ ತೆರೆದು, ತೊಟ್ಟಿ, ನೀರು, ಪಾಚಿ, ಪ್ರಾಣಿ ಎಲ್ಲವನ್ನೂ ಮಾರಿದ. 1858ರಲ್ಲಿ ಅವನು ಅಚ್ಚು ಹಾಕಿಸಿದ ಬೆಲೆಪಟ್ಟಿಯೇ ನೂರಕ್ಕೂ ಮಿಕ್ಕ ಪುಟಗಳದಾಗಿತ್ತು.

ಜ್ವರ ಬಂದ ವೇಗದಲ್ಲಿಯೇ ಇಳಿಯಿತು. 1862ರಲ್ಲಿ ಲಾಯ್ಡ್ ದಿವಾಳಿಯೆದ್ದ. 1868ರಲ್ಲಿ ಜೆ. ಜಿ. ವುಡ್ ಎಂಬ ಲೇಖಕ ಆ ಹುಚ್ಚನ್ನು ಆಗಿಹೋದ ಕಾಲದ ಸಂಗತಿಯೆಂಬಂತೆ ಬರೆದ. ಕಾರಣ ಸರಳ. ನೂರರಲ್ಲಿ ಬಹುಪಾಲು ಜನರ ತೊಟ್ಟಿಗಳು ಕೊಳೆತು ನಾರಿದವು. ಆಸೆಯಿಂದ ಹೆಚ್ಚು ಪ್ರಾಣಿಗಳನ್ನು ತುಂಬಿದರು. ಕಿಟಕಿಯ ಬಿಸಿಲಿಗಿಟ್ಟು ನೀರನ್ನು ಹಸಿರು ಗಂಜಿ ಮಾಡಿದರು. ಕಲ್ಲಿನ ಮರೆಯಲ್ಲಿ ಸತ್ತ ಒಂದು ಹುಳು ಮಿಕ್ಕದ್ದನ್ನೆಲ್ಲ ಕೊಂದಿತು.

ಅವರಿಗೆ ತಿಳಿಯದಿದ್ದ ಸಂಗತಿಯೊಂದಿತ್ತು. ಸಸ್ಯ ಆಮ್ಲಜನಕವನ್ನು ಕೊಟ್ಟರೆ ಸಾಕು, ತಕ್ಕಡಿ ಸಮವಾಯಿತೆಂದು ಅವರು ಭಾವಿಸಿದ್ದರು. ಪ್ರಾಣಿಯ ಹೊಲಸಿನಿಂದ ಹುಟ್ಟುವ ಅಮೋನಿಯ ವಿಷವೆಂಬುದೂ, ಅದನ್ನು ಹಂತಹಂತವಾಗಿ ನೈಟ್ರೈಟಾಗಿ, ನೈಟ್ರೇಟಾಗಿ ಮಾರ್ಪಡಿಸುವುದು ಕಣ್ಣಿಗೆ ಕಾಣದ ಬ್ಯಾಕ್ಟೀರಿಯಗಳೆಂಬುದೂ ಸ್ಪಷ್ಟವಾದದ್ದು 1890ರ ಸುಮಾರಿಗೆ, ರಷ್ಯದ ವಿನೊಗ್ರಾಡ್‌ಸ್ಕಿಯ ಸಂಶೋಧನೆಯಿಂದ. ಗಾಸ್ ಹೇಳಿದ “ಕೆಲವು ದಿನ ಕಾಯಿರಿ” ಎಂಬ ಮಾತಿನ ಗುಟ್ಟು ಇದೇ: ಹೆಪ್ಪು ಹಾಕಿದ ಹಾಲು ಮೊಸರಾಗಲು ಹೊತ್ತು ಬೇಕಾಗುವಂತೆ, ಈ ಜೀವಿಗಳು ಕಲ್ಲಿನ ಮೇಲೆ ನೆಲಸಲು ಹೊತ್ತು ಬೇಕು. ಲಾಯ್ಡ್ ಮಾತ್ರ ತನ್ನ ಸೋಲಿನಿಂದ ಪಾಠ ಕಲಿತ. ಮುಂದೆ ಹ್ಯಾಂಬರ್ಗಿನಲ್ಲೂ, 1871ರಲ್ಲಿ ತೆರೆದ ಕ್ರಿಸ್ಟಲ್ ಪ್ಯಾಲೇಸಿನ ಮತ್ಸ್ಯಾಲಯದಲ್ಲೂ ಅವನು ನೋಟದ ತೊಟ್ಟಿಗಳಿಗಿಂತ ಎಷ್ಟೋ ಪಟ್ಟು ದೊಡ್ಡದಾದ ಕತ್ತಲ ಕೊಳವೊಂದನ್ನು ನೆಲದಡಿಯಲ್ಲಿ ಕಟ್ಟಿಸಿ, ಅದರ ಮೂಲಕ ನೀರನ್ನು ಸದಾ ಸುತ್ತಿಸಿದ. ಇಂದಿನ ಹವ್ಯಾಸಿ ತನ್ನ ತೊಟ್ಟಿಯ ಕೆಳಗಿನ ಬೀರುವಿನಲ್ಲಿ ಬಚ್ಚಿಟ್ಟಿರುವ ಎರಡನೆಯ ತೊಟ್ಟಿ ಇದರ ಮೊಮ್ಮಗು.

ಜ್ವರ ಇಳಿದರೂ ಅದರ ಗುರುತು ಕಡಲತೀರದ ಮೇಲೆ ಉಳಿಯಿತು. ಗಾಸನ ಪುಸ್ತಕ ಓದಿದ ಸಾವಿರಾರು ಜನರು ಉಳಿ ಸುತ್ತಿಗೆ ಹಿಡಿದು ಡೆವನ್‌ಷೈರಿನ ಬಂಡೆಗಳಿಗೆ ಬಂದರು. ಯುಗಯುಗಗಳಿಂದ ಯಾರೂ ಮುಟ್ಟದಿದ್ದ ನೀರುಗುಂಡಿಗಳು ಕೆಲವೇ ವರ್ಷಗಳಲ್ಲಿ ಬರಿದಾದವು. ಅವನ ಮಗ ಎಡ್ಮಂಡ್ ಗಾಸ್ 1907ರಲ್ಲಿ ಪ್ರಕಟಿಸಿದ “ಫಾದರ್ ಅಂಡ್ ಸನ್” ಎಂಬ ಆತ್ಮಕಥೆಯಲ್ಲಿ ಈ ನಾಶವನ್ನು ಕುರಿತು ನೋವಿನಿಂದ ಬರೆದಿದ್ದಾನೆ. ತನ್ನ ಬರಹಗಳೇ ಇದಕ್ಕೆ ಹೊಣೆಯೆಂಬುದು ತಂದೆಗೆ ಮನವರಿಕೆಯಾಗಿತ್ತು, ಅದರಿಂದ ಆತ ಬಹಳ ನೊಂದಿದ್ದ ಎಂದೂ ಹೇಳುತ್ತಾನೆ. ದೇವರ ಕೈಬರಹವನ್ನು ಎಲ್ಲರಿಗೂ ಓದಿಸಹೊರಟವನು, ಜನರು ಆ ಪುಟಗಳನ್ನೇ ಹರಿದುಕೊಂಡು ಹೋದದ್ದನ್ನು ಕಾಣಬೇಕಾಯಿತು.

ಮುಂದಿನ ನೂರು ವರ್ಷ ಮನೆಯ ಕಡಲು ಹೆಚ್ಚುಕಡಮೆ ಮರೆವಿಗೆ ಸಂದಿತು. ಸಾರ್ವಜನಿಕ ಮತ್ಸ್ಯಾಲಯಗಳು ಬೆಳೆದವು. ನಮ್ಮ ದೇಶದಲ್ಲಿಯೂ 1909ರಲ್ಲಿ ಮದರಾಸಿನ ಮೆರೀನಾ ತೀರದಲ್ಲಿ ಒಂದು ತೆರೆಯಿತು. ಎರಡನೆಯ ಮಹಾಯುದ್ಧದ ಕಾಲದಲ್ಲಿ ಅದು ಮುಚ್ಚಿಹೋಯಿತು. 1951ರಲ್ಲಿ ಮುಂಬಯಿಯಲ್ಲಿ ತಾರಾಪೋರವಾಲಾ ಮತ್ಸ್ಯಾಲಯ ಆರಂಭವಾಯಿತು. ಆದರೆ ಬಿಸಿಲುನಾಡಿನ ಬಂಡೆಹವಳಗಳು, ಅಂದರೆ ನಿಜವಾದ ಹವಳದ ದಿಬ್ಬಗಳನ್ನು ಕಟ್ಟುವ ಜಾತಿಯವು, ಯಾರ ಮನೆಯ ತೊಟ್ಟಿಯಲ್ಲೂ ಬಾಳಲಿಲ್ಲ. ಅನ್ನಾ ಥಿನ್ ಸಾಕಿದ ಡೆವನ್ನಿನ ಬಟ್ಟಲುಹವಳ ತನ್ನ ಆಹಾರವನ್ನು ತಾನೇ ಹಿಡಿದು ತಿನ್ನುವಂಥದು. ಲಂಡನ್ನಿನ ಮಬ್ಬಿನಲ್ಲಿಯೂ ಅದಕ್ಕೆ ಕೊರತೆಯಿರಲಿಲ್ಲ. ದಿಬ್ಬದ ಹವಳದ ಸಂಸಾರ ಬೇರೆ. ಅದರ ಮೈಯೊಳಗೆ ಕಣ್ಣಿಗೆ ಕಾಣದ ಪಾಚಿಕಣಗಳು ಬಾಡಿಗೆದಾರರಂತೆ ವಾಸಿಸುತ್ತವೆ. ಬಿಸಿಲಿನಿಂದ ಸಕ್ಕರೆ ಮಾಡಿ, ಬಹುಪಾಲನ್ನು ಮನೆಯ ಒಡೆಯನಿಗೆ ಬಾಡಿಗೆಯಾಗಿ ಸಲ್ಲಿಸುತ್ತವೆ. ಬೆಳಕು ಕಡಿಮೆಯಾದರೆ ಬಾಡಿಗೆ ನಿಂತಿತು; ಒಡೆಯ ಉಪವಾಸ ಬಿದ್ದ.

ಇದಕ್ಕೆ ದಾರಿ ತೋರಿಸಿದವನು ಯೂರೋಪಿನ ಪಂಡಿತನಲ್ಲ, ಇಂಡೋನೇಷ್ಯದ ಹವ್ಯಾಸಿ ಲೀ ಚಿನ್ ಎಂಗ್. 1961ರಲ್ಲಿ ಅಮೆರಿಕದ ಮೀನುಹವ್ಯಾಸದ ಪತ್ರಿಕೆಯೊಂದರಲ್ಲಿ ಅವನು ತನ್ನ ಕ್ರಮವನ್ನು ವಿವರಿಸಿದ. ಅದರಲ್ಲಿ ಮುಚ್ಚುಮರೆಯೇನೂ ಇರಲಿಲ್ಲ. ಕಡಲ ನೀರು, ಕಡಲಿನಿಂದಲೇ ತಂದ ಜೀವಂತ ಕಲ್ಲು, ಬಿಸಿಲು, ಒಂದು ಸಣ್ಣ ಗಾಳಿಗುಳ್ಳೆಯ ಸಾಲು, ಇಷ್ಟೇ. ಆ ಸಚ್ಛಿದ್ರ ಕಲ್ಲಿನ ಹೊರಮೈಯಲ್ಲಿ ಅಮೋನಿಯವನ್ನು ಅರಗಿಸುವ ಬ್ಯಾಕ್ಟೀರಿಯಗಳು, ಗಾಳಿ ಹೊಗದ ಒಳಗಿನ ರಂಧ್ರಗಳಲ್ಲಿ ನೈಟ್ರೇಟನ್ನು ಒಡೆದು ಸಾರಜನಕವಾಗಿ ಹೊರಬಿಡುವ ಬ್ಯಾಕ್ಟೀರಿಯಗಳು. ಕಲ್ಲೇ ಯಂತ್ರ. ಅದೇ ದಶಕದಲ್ಲಿ ಅಮೆರಿಕದಲ್ಲಿ ಸಿದ್ಧ ಕಡಲುಪ್ಪಿನ ಪೊಟ್ಟಣಗಳು ಮಾರಾಟಕ್ಕೆ ಬಂದವು. ಮುಂದೆ ಜರ್ಮನಿಯ ಹವ್ಯಾಸಿಗಳು ಈ ಕಲ್ಲಿಗೆ ಪ್ರಖರವಾದ ದೀಪವನ್ನೂ, ನೊರೆಯೆಬ್ಬಿಸುವ ಕೊಳವೆಯನ್ನೂ ಕೂಡಿಸಿದರು. ಆಲೆಮನೆಯಲ್ಲಿ ಕುದಿಯುವ ಕಬ್ಬಿನ ಹಾಲಿನ ಮೇಲೆ ತೇಲಿದ ಕಲ್ಮಷವನ್ನು ಜಾಲರಿಯಿಂದ ಎತ್ತಿಹಾಕುತ್ತಾರಲ್ಲ, ಹಾಗೆ ಈ ಕೊಳವೆ ನೀರಿನ ಕೊಳೆಯನ್ನು ನೊರೆಯಾಗಿ ಎತ್ತಿ ಹೊರಹಾಕುತ್ತದೆ. 1980ರ ದಶಕದ ಹೊತ್ತಿಗೆ ಹವಳದ ದಿಬ್ಬದ ಒಂದು ತುಣುಕು ಕಡಲನ್ನೇ ಕಾಣದ ಊರುಗಳ ಮನೆಗಳಲ್ಲಿಯೂ ಬೆಳೆಯತೊಡಗಿತು.

ಚರಿತ್ರೆ ಇಲ್ಲಿ ಮತ್ತೆ ತನ್ನ ಹಳೆಯ ದಾರಿಯನ್ನೇ ಹಿಡಿಯಿತು. ಡೆವನ್ನಿನ ಬಂಡೆಗಳಿಗೆ ಒದಗಿದ್ದ ಗತಿ ಪೂರ್ವದ ಕಡಲುಗಳಿಗೆ ಒದಗಿತು. 1960ರ ದಶಕದಿಂದ ಫಿಲಿಪೈನ್ಸಿನ ದಿಬ್ಬಗಳಲ್ಲಿ ಸಯನೈಡ್ ವಿಷವನ್ನು ಚಿಮುಕಿಸಿ, ಅಮಲೇರಿದ ಬಣ್ಣದ ಮೀನುಗಳನ್ನು ಹಿಡಿಯುವ ಪದ್ಧತಿ ಬೆಳೆಯಿತು. ಮೀನು ಪೇಟೆಗೆ ಹೋಯಿತು. ವಿಷ ಹವಳದ ಮೇಲೆ ಉಳಿಯಿತು. ಹಿಂದೆ ಉಳಿ ಸುತ್ತಿಗೆ ಹಿಡಿದವರು ತಾವೇ ತೀರಕ್ಕೆ ಹೋಗಿ ತಮ್ಮ ಕೈಯ ಕೆಲಸವನ್ನು ಕಣ್ಣಾರೆ ಕಾಣುತ್ತಿದ್ದರು. ಈಗ ಕೊಳ್ಳುವವನು ಒಂದು ಖಂಡದಲ್ಲಿ, ಕೊಲ್ಲುವವನು ಇನ್ನೊಂದು ಖಂಡದಲ್ಲಿ.

ನಮ್ಮ ದೇಶದಲ್ಲಿ ಕಾನೂನು ಈ ಪ್ರಶ್ನೆಯನ್ನು ನೇರವಾಗಿ ಬಿಡಿಸಿದೆ. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಮೊದಲನೆಯ ಅನುಸೂಚಿಗೆ 2001ರಲ್ಲಿ ದಿಬ್ಬ ಕಟ್ಟುವ ಹವಳಗಳು, ಕಪ್ಪುಹವಳ, ಬೆಂಕಿಹವಳ, ಕಡಲಬೀಸಣಿಗೆ ಇವೆಲ್ಲ ಸೇರಿದವು. ಹುಲಿಗೆ ಇರುವ ರಕ್ಷಣೆಯೇ ಹವಳಕ್ಕೂ ಉಂಟು. ಕಡಲಿನಿಂದ ಹವಳ ಕಿತ್ತು ಮನೆಯ ತೊಟ್ಟಿಯಲ್ಲಿ ಇಡುವುದು ಇಲ್ಲಿ ಅಪರಾಧ. ಕೆಲವರಿಗೆ ಇದು ಅತಿಯೆಂದು ತೋರಬಹುದು. ಒಂದು ಬೆರಳುದ್ದದ ತುಂಡಿನಿಂದ ಕಡಲಿಗೇನು ನಷ್ಟ ಎಂದು ಕೇಳಬಹುದು. ಡೆವನ್ನಿಗೆ ಬಂದ ಸಾವಿರಾರು ಸಜ್ಜನರಲ್ಲಿ ಪ್ರತಿಯೊಬ್ಬರೂ ಹಾಗೆಯೇ ಕೇಳಿಕೊಂಡಿದ್ದರೆಂಬುದೇ ಅದಕ್ಕೆ ಉತ್ತರ. ನಮ್ಮ ಮುರ್ಡೇಶ್ವರದ ಎದುರಿಗೆ, ಅರಬ್ಬೀ ಸಮುದ್ರದ ನಡುವೆ, ನೇತ್ರಾಣಿ ದ್ವೀಪದ ಸುತ್ತ ನೀರಿನಡಿಯಲ್ಲಿ ಹವಳಗಳಿವೆ, ಬಣ್ಣದ ಮೀನುಗಳ ಹಿಂಡುಗಳಿವೆ. ಮುಳುಗಿ ನೋಡಿ ಬರುವವರಿಂದ ಅದು ಕರಗುವುದಿಲ್ಲ. ಕಿತ್ತು ತರುವವರಿಗೆ ಅದು ಸಾಲುವುದಿಲ್ಲ.

ಹಾಗಾದರೆ ಗಾಜಿನ ತೊಟ್ಟಿಯ ಚರಿತ್ರೆ ಬರಿಯ ಅಪರಾಧದ ಕಥೆಯೇ? ಹಾಗೆ ತೀರ್ಪು ಕೊಟ್ಟರೆ ಅನ್ಯಾಯವಾದೀತು. ತೊಟ್ಟಿಯಲ್ಲಿ ಕಲಿತ ವಿದ್ಯೆ ಕಡಲಿಗೆ ಹಿಂದಿರುಗತೊಡಗಿದೆ. ಪಟ್ಟೆಮೀನುಗಳನ್ನು ಕಡಲಿನಿಂದ ಹಿಡಿಯದೆ ತೊಟ್ಟಿಯಲ್ಲೇ ಮರಿಮಾಡಿಸುವುದು 1970ರ ದಶಕದಲ್ಲಿ ಅಮೆರಿಕದಲ್ಲಿ ಸಾಧ್ಯವಾಯಿತು. ನಮ್ಮ ಕೇಂದ್ರೀಯ ಕಡಲ ಮೀನುಗಾರಿಕಾ ಸಂಶೋಧನಾ ಸಂಸ್ಥೆಯೂ ಆ ವಿದ್ಯೆಯನ್ನು ಸಾಧಿಸಿದೆ. ಅಂಥ ಮೀನನ್ನು ಸಾಕುವವನು ಯಾವ ದಿಬ್ಬಕ್ಕೂ ಋಣಿಯಲ್ಲ. ಇನ್ನೊಂದು ಕಡೆ, ಕಡಲ ನೀರು ಬಿಸಿಯೇರಿ ಹವಳಗಳು ತಮ್ಮ ಪಾಚಿಯ ಬಾಡಿಗೆದಾರರನ್ನು ಹೊರದೂಡಿ ಬಿಳಿಚಿಕೊಳ್ಳುತ್ತಿವೆ. 1998, 2010, 2016ರಲ್ಲಿ ಲಕ್ಷದ್ವೀಪದ ದಿಬ್ಬಗಳು ಈ ಪೆಟ್ಟು ತಿಂದವು. ಹೀಗೆ ಅಳಿಯುತ್ತಿರುವ ಹವಳವನ್ನು ತೊಟ್ಟಿಯಲ್ಲಿ ಬೆಳೆಸಿ ಉಳಿಸಬಹುದೇ ಎಂಬುದು ಈಗಿನ ಪ್ರಶ್ನೆ.

ಲಂಡನ್ನಿನ ಹಾರ್ನಿಮನ್ ವಸ್ತುಸಂಗ್ರಹಾಲಯದ ತಜ್ಞರು ಗಾಜಿನ ತೊಟ್ಟಿಯ ಮೇಲೆ ದೀಪದಿಂದಲೇ ಸೂರ್ಯೋದಯ, ಸೂರ್ಯಾಸ್ತ, ಹುಣ್ಣಿಮೆ, ಅಮಾವಾಸ್ಯೆಗಳನ್ನು ಏರ್ಪಡಿಸಿ, ಋತುವಿಗೆ ತಕ್ಕಂತೆ ನೀರಿನ ಬಿಸುಪನ್ನು ಏರಿಸಿ ಇಳಿಸಿ, ದಿಬ್ಬದ ಹವಳಗಳು ಕಾಲಕ್ಕೆ ಸರಿಯಾಗಿ ತತ್ತಿಯಿಡುವಂತೆ ಮಾಡಿದರು. ಅವರ ನೆರವಿನಿಂದ 2019ರಲ್ಲಿ ಫ್ಲಾರಿಡದ ಮತ್ಸ್ಯಾಲಯದಲ್ಲಿ, ಅಲ್ಲಿಯ ಕಡಲಿನಲ್ಲಿ ಅಳಿವಿನ ಅಂಚಿಗೆ ಬಂದಿದ್ದ ಕಂಬಹವಳವೂ ತತ್ತಿಯಿಟ್ಟಿತು. ಅನ್ನಾ ಥಿನ್ ಸ್ಪಂಜಿಗೆ ಹೊಲಿದು ತಂದ ಹವಳಗಳು ಮರಿಯಾಗಿದ್ದುದೂ ಅದೇ ಲಂಡನ್ನಿನಲ್ಲಿ. ಅವಳು ಕಡಲನ್ನು ಮನೆಗೆ ತಂದಳು. ಅವಳ ಊರಿನವರು ಈಗ ಮನೆಯಿಂದ ಕಡಲಿಗೆ ಏನಾದರೂ ಕೊಡಲಾದೀತೇ ಎಂದು ನೋಡುತ್ತಿದ್ದಾರೆ. ಆ ಸಾಲ ಇನ್ನೂ ತೀರಿಲ್ಲ. ಮೊದಲ ಕಂತು ಸಂದಿದೆ.